ಹದಿನೇಳನೇ ನಂಬರಿನ ಸದ್ದು

ಫೆಬ್ರವರಿ 3, ಸೋಮವಾರ

ಕೆಲಸದಿಂದ ಬಂದು ನೋಡಿದರೆ ಊಟದ ಮೇಜಿನ ಮೇಲೆ ಇವರ ಸಿಂಥಸೈಜರ್ ಕೀಬೋರ್ಡ್ ಬೋರಲಾಗಿ ಮಲಗಿತ್ತು. ಅದರ ತಳದ ಸ್ಕ್ರೂಗಳೆಲ್ಲ ಅತ್ತೆಯ ಸ್ಟೀಲ್ ಬಟ್ಟಲಿನಲ್ಲಿ. ಇವರು ಟಾರ್ಚ್ ಹಿಡಿದು ಅದರ ಹೊಟ್ಟೆಯೊಳಗೆ ಇಣುಕುತ್ತಿದ್ದರು.

"ಏನಾಯ್ತು?" ಎಂದೆ.

"ಸದ್ದು ಮಂಕಾಗಿದೆ ಕಣೇ. ಎರಡು ತಿಂಗಳಿಂದ ನೋಡ್ತಾ ಇದೀನಿ. ಹೊಳಪೇ ಹೋಗಿದೆ."

ಅತ್ತೆ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. "ಊಟ ಎಲ್ಲಿ ಮಾಡೋದು? ನಿನ್ನ ಸವತಿ ಬೆನ್ನ ಮೇಲಾ?" ಎಂದು ಮಗನನ್ನು ಬಿಟ್ಟು ನನ್ನನ್ನು ಕೇಳಿದರು. ನಾನು ಈ ಮನೆಗೆ ಬಂದ ದಿನದಿಂದ ಅವರ ಬಾಯಲ್ಲಿ ಅದು ನನ್ನ ಸವತಿ. ಮೂವರೂ ಸೋಫಾದಲ್ಲಿ ಕೂತು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡೆವು.

ಈ ನೋಟ್‌ಬುಕ್ ತೆಗೆದದ್ದು ಯಾಕೆಂದು ಸರಿಯಾಗಿ ಗೊತ್ತಿಲ್ಲ. ಮನೆಯಲ್ಲಿ ಏನೋ ಸರಿಯಿಲ್ಲ ಅನಿಸುತ್ತಿದೆ. ಏನು ಅಂತ ಹೇಳಲು ಬರುತ್ತಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ರೋಗಿಯ ವರದಿಯಾಗಿಬಿಡುತ್ತದೆ, ಕ್ಲಿನಿಕ್ಕಿನಲ್ಲಿ ಬರೆದು ಬರೆದು ನನ್ನ ಇಂಗ್ಲಿಷ್ ಅಂಥದ್ದು. ಕನ್ನಡದಲ್ಲಿ ಒತ್ತಕ್ಷರ ತಪ್ಪಿದರೆ ತಪ್ಪಲಿ, ನೋಡುವವರು ಯಾರು?

ಫೆಬ್ರವರಿ 6, ಗುರುವಾರ

ಇವರಿಗೆ ಸಂಗೀತ ಮಾಡಿಕೊಡುವ ಹೊಸ ಕೆಲಸ ಬಂದಿದೆ. ಒಬ್ಬಳು ಹುಡುಗಿ, ನಿರ್ದೇಶಕಿ, ಎಂಟು ಕಂತಿನ ಒಂದು ಧಾರಾವಾಹಿ ಮಾಡುತ್ತಿದ್ದಾಳೆ. ಕಥೆ ನಡೆಯುವುದು ಮೂವತ್ತೈದು ವರ್ಷದ ಹಿಂದೆ. ಆ ಕಾಲದ ಜಾಹೀರಾತುಗಳಲ್ಲಿ ಬರುತ್ತಿದ್ದ ಗಾಜಿನಂಥ ಸದ್ದು ಬೇಕಂತೆ. ಕಂಪ್ಯೂಟರಿನಲ್ಲಿ ಅದೇ ಸದ್ದಿನ ನಕಲು ಸಿಗುತ್ತದೆ, ಆದರೆ ಅದು "ಸೋಪು ಹಾಕಿ ತೊಳೆದ ಹಾಗಿದೆ" ಎಂದಳಂತೆ. ಇವರು ಆ ಮಾತನ್ನು ನನಗೆ ಮೂರು ಸಲ ಹೇಳಿದರು. ಎರಡು ವರ್ಷದಿಂದ ಹೇಳಿಕೊಳ್ಳುವಂಥ ಕೆಲಸ ಇರಲಿಲ್ಲ.

ಆ ಯಂತ್ರದ ಮೇಲೆ ನನಗೆ ಪ್ರೀತಿ ಇಲ್ಲ. ಕಬ್ಬಿಣದ ಮೈ, ಎತ್ತಿದರೆ ಸೊಂಟ ಹಿಡಿಯುತ್ತದೆ. ಗುಂಡಿಗಳನ್ನು ಒತ್ತಿದರೆ ಒತ್ತಿದ್ದು ಬೆರಳಿಗೆ ಗೊತ್ತಾಗುವುದಿಲ್ಲ. ಒಂದು ಸದ್ದನ್ನು ತಿದ್ದಬೇಕಾದರೆ ಬೆಂಕಿಪೆಟ್ಟಿಗೆಯಷ್ಟಿರುವ ಪರದೆಯಲ್ಲಿ ನೂರೈವತ್ತು ಸಂಖ್ಯೆಗಳನ್ನು ಒಂದೊಂದಾಗಿ ಹುಡುಕಿ, ಒಂದೇ ಒಂದು ಜಾರುಗುಂಡಿಯಿಂದ ಬದಲಿಸಬೇಕು. ಅದರ ನೆನಪಿನಲ್ಲಿ ಮೂವತ್ತೆರಡು ಸದ್ದಿಗಷ್ಟೇ ಜಾಗ. ಹೊಸದನ್ನು ಇಡಬೇಕೆಂದರೆ ಹಳೆಯದೊಂದನ್ನು ಅಳಿಸಬೇಕು. ಆ ನೆನಪೂ ಒಳಗಿನ ಒಂದು ಬಿಲ್ಲೆ ಬ್ಯಾಟರಿಯ ಕೃಪೆ.

ಆ ಮೂವತ್ತೆರಡನ್ನೂ ಇವರೇ ಕಟ್ಟಿದ್ದು. ಹದಿನೇಳನೆಯದರ ಕಥೆ ನನಗೆ ಗೊತ್ತು. ಅತ್ತೆಯ ಕೈಜಾರಿ ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದು ಗಿರ್‍ರನೆ ತಿರುಗಿ ನಿಂತಿತಂತೆ. ಇವರು ಸ್ನಾನದ ಮನೆಯಿಂದ ಒದ್ದೆ ತಲೆಯಲ್ಲೇ ಓಡಿ ಬಂದು, "ಅಮ್ಮಾ, ಇನ್ನೊಂದ್ಸಲ ಬೀಳಿಸು" ಎಂದರಂತೆ. ಎರಡು ದಿನ ಅತ್ತೆ ತಟ್ಟೆ ಬೀಳಿಸುತ್ತಲೇ ಇದ್ದರು. ಮೂರನೆಯ ದಿನ ಆ ಸದ್ದು ಯಂತ್ರದಿಂದ ಬಂತು. ಅದನ್ನು ಒಂದು ಜಾಹೀರಾತಿಗೆ ಹಾಕಿದ್ದರಿಂದಲೇ ಇವರಿಗೆ ಹೆಸರು ಬಂದದ್ದು.

ಫೆಬ್ರವರಿ 11, ಮಂಗಳವಾರ

ಇಂದು ನಾನು ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ಕಿಗೆ ನಿವೃತ್ತ ಬಸ್ ಡ್ರೈವರ್ ಒಬ್ಬರು ಬಂದಿದ್ದರು. ಕಿವಿಗೇನೂ ಆಗಿಲ್ಲ, ಹೆಂಡತಿಯ ಕಾಟಕ್ಕೆ ಬಂದೆ ಎಂದರು. ಹೆಂಡತಿ ಪಕ್ಕದಲ್ಲೇ ಇದ್ದರು.

"ಮೊಬೈಲ್ ಟವರ್ ಹಾಕಿದ ಮೇಲೆ ಹಕ್ಕಿಗಳೇ ಬರ್ತಿಲ್ಲ ಅಂತಾರೆ ಮೇಡಂ. ನಾನು ದಿನಾ ಕಾಳು ಹಾಕ್ತೀನಿ, ದಿನಾ ತಿಂದು ಹೋಗ್ತವೆ. ಅವೇನು ಮೌನವ್ರತ ಮಾಡ್ಕೊಂಡಿದಾವಾ?"

ಪರೀಕ್ಷೆಯಲ್ಲಿ ನಾನು ಅಂದುಕೊಂಡಂತೆಯೇ ಆಯಿತು. ತಗ್ಗಿನ ಸದ್ದುಗಳೆಲ್ಲ ಸರಿ, ನಾಲ್ಕು ಸಾವಿರ ಹರ್ಟ್ಸ್ ಮೇಲಿನ ಕೀರಲು ಸದ್ದುಗಳಿಗೆ ಗೆರೆ ಬೆಟ್ಟ ಇಳಿದ ಹಾಗೆ ಇಳಿದಿತ್ತು. "ಹಕ್ಕಿ ಬರ್ತಿವೆ, ಅವುಗಳ ದನಿ ನಿಮಗೆ ಸಿಗ್ತಿಲ್ಲ ಅಷ್ಟೇ" ಎಂದೆ. ಅವರು ಬಹಳ ಹೊತ್ತು ಆ ಕಾಗದವನ್ನೇ ನೋಡಿದರು. ಪಾಪ.

ಸಂಜೆ ಇವರು ನನ್ನನ್ನು ಕೂರಿಸಿಕೊಂಡು ಹದಿನೇಳನ್ನು ನುಡಿಸಿ ತೋರಿಸಿದರು. "ಕೇಳು. ಕೊನೇಲಿ ಒಂದು ಸೊಯ್ ಅಂತ ಬರ್ತಿತ್ತಲ್ಲ, ಮರಳು ಜಾರಿದ ಹಾಗೆ? ಹೋಗಿದೆ. ಯಂತ್ರದ ದೋಷ ಅದು, ಆದರೆ ಅದೇ ಅದರ ಜೀವ. ಈಗ ಪೂರ್ತಿ ಬೋಳು."

ನನಗೆ ಕೇಳಿಸಿತು. ಕೇಳಿಸಿತು ಅಂದುಕೊಂಡೆ. ತಟ್ಟೆಯ ದನಿ ಅಡಗುತ್ತಿದ್ದ ಹಾಗೆ ಅದರ ಬಾಲದಲ್ಲಿ ಸಣ್ಣ ಸೊಯ್. ಹೇಳೋಣವೆಂದು ಬಾಯಿ ತೆರೆದವಳು ಸುಮ್ಮನಾದೆ. ಬೇರೆ ಏನನ್ನೋ ಕೇಳಿರಬಹುದು, ಫ್ಯಾನಿನದೋ ಏನೋ. ಸಂಗೀತದ ವಿಷಯದಲ್ಲಿ ಇವರಿಗೆ ಗೊತ್ತಿರುವುದು ನನಗೆಲ್ಲಿ ಗೊತ್ತು? ಮದುವೆಯಾದ ಹೊಸದರಲ್ಲಿ ನೆಂಟರ ಮುಂದೆ ಒಂದು ಹಾಡು ಗುನುಗಿದ್ದಕ್ಕೆ ಇವರು ನಕ್ಕು, "ಇವಳದು ಕಿವಿ ನೋಡೋ ಕೆಲಸ, ಇವಳಿಗೆ ಮಾತ್ರ ಕಿವಿ ಇಲ್ಲ" ಎಂದಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಫೆಬ್ರವರಿ 15, ಶನಿವಾರ

ಮೇಷ್ಟ್ರು ಬಂದಿದ್ದರು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು. ಇಂಥ ಹಳೆಯ ಯಂತ್ರಗಳನ್ನು ಬಿಚ್ಚುವುದಕ್ಕೆ ಈಗ ಉಳಿದಿರುವುದು ಅವರೊಬ್ಬರೇ. ಮೂರು ಗಂಟೆ ಕೂತು ಮೀಟರ್ ಹಿಡಿದು ಎಲ್ಲವನ್ನೂ ನೋಡಿದರು. ಎರಡು ಕೆಪ್ಯಾಸಿಟರ್ ಬದಲಿಸಿದರು, "ಇವೂ ಸರಿಯಾಗೇ ಇದ್ವು, ನಿಮ್ಮ ಸಮಾಧಾನಕ್ಕೆ" ಎಂದರು.

"ಬ್ಯಾಟರಿ ವೀಕಾಗಿ ಸದ್ದುಗಳು ಮಾಸಿರಬಹುದಾ ಮೇಷ್ಟ್ರೇ?" ಎಂದು ಇವರು ಕೇಳಿದರು.

"ಮಾಸೋಕೆ ಅವೇನು ಸೀರೆನಾ? ಒಳಗಿರೋದು ಸಂಖ್ಯೆ ಸ್ವಾಮಿ. ಇದ್ದರೆ ಪೂರ್ತಿ ಇರ್ತವೆ, ಹೋದರೆ ಪೂರ್ತಿ ಹೋಗ್ತವೆ. ಡಿಜಿಟಲ್ ಯಂತ್ರಕ್ಕೆ ವಯಸ್ಸಾಗೋದು ಹಾಗೆ, ನಮ್ಮ ಹಾಗಲ್ಲ."

ಹಾಗೆನ್ನುವಾಗ ಅವರು ನನ್ನ ಕಡೆ ನೋಡಿದರು. ಕಾಫಿ ಬೇಕಿತ್ತೇನೋ. ಎದ್ದು ಹೋಗಿ ಮಾಡಿಕೊಟ್ಟೆ.

ಅವರು ಹೋದ ಮೇಲೆ ಇವರು, "ಮೇಷ್ಟ್ರಿಗೂ ವಯಸ್ಸಾಯ್ತು, ಕೇಳಿಸಲ್ಲ" ಎಂದರು.

ಫೆಬ್ರವರಿ 17, ಸೋಮವಾರ

ಪ್ರತಿದಿನ ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ನಮ್ಮ ಪರೀಕ್ಷಾ ಯಂತ್ರದ ಹೆಡ್‌ಫೋನ್ ನಾನೇ ಹಾಕಿಕೊಂಡು ಎಲ್ಲ ಸದ್ದುಗಳನ್ನೂ ಕೇಳಿ ನೋಡುತ್ತೇನೆ. ನನಗೆ ಮಾಮೂಲಿನಂತೆ ಕೇಳಿಸಿದರೆ ಯಂತ್ರ ಸರಿ ಇದೆ ಎಂದು ಪುಸ್ತಕದಲ್ಲಿ ಸಹಿ ಮಾಡುವುದು. ಹದಿನೆಂಟು ವರ್ಷದ ಸಹಿಗಳಿವೆ.

ಇಂದು ಎರಡೆರಡು ಸಲ ನೋಡಿದೆ. ಎಂಟು ಸಾವಿರದವರೆಗೂ ಸ್ಪಷ್ಟವಾಗಿ ಕೇಳಿಸಿತು. ಅದರಿಂದ ಏನು ಗೊತ್ತಾಯಿತು? ಯಂತ್ರ ಸರಿ ಇದೆ ಎಂದಷ್ಟೇ.

ಫೆಬ್ರವರಿ 21, ಶುಕ್ರವಾರ

ಇವರು ಸದ್ದುಗಳನ್ನು ಒಂದೊಂದಾಗಿ "ಸರಿಮಾಡು"ತ್ತಿದ್ದಾರೆ. ಹೊಳಪು ಏರಿಸುವುದು, ಅದೇ ನಂಬರಿನಲ್ಲಿ ಉಳಿಸುವುದು. ಹಳೆಯದು ಅಳಿಸಿಹೋಗುತ್ತದಲ್ಲ ಎಂದೆ. ಹಿಂದೆ ಎಲ್ಲವನ್ನೂ ಒಂದು ಕ್ಯಾಸೆಟ್ಟಿಗೆ ನಕಲಿಳಿಸಿಟ್ಟಿದ್ದರು; ಹೋದ ವಾರ ಅದನ್ನು ಯಂತ್ರಕ್ಕೆ ತಿರುಗಿ ತುಂಬಿಸಲು ನೋಡಿದರಂತೆ, ಪರದೆಯಲ್ಲಿ ಎರರ್ ಎಂದು ಬಂತಂತೆ. "ಟೇಪೂ ಸತ್ತಿದೆ. ಇನ್ನು ಹಳೇದರ ಮುಖ ನೋಡ್ತಾ ಕೂತರೆ ಆಗಲ್ಲ."

ಒಂದರಿಂದ ಹನ್ನೆರಡು ಮುಗಿದಿದೆ. ನನಗೆ ಅವು ಹಲ್ಲಿನ ಮೇಲೆ ಉಗುರು ಗೀರಿದ ಹಾಗೆ ಕೇಳಿಸುತ್ತವೆ. ಹೊಸ ಸದ್ದು, ಅಭ್ಯಾಸವಾಗಬೇಕೇನೋ.

ಅತ್ತೆ ಮಾತ್ರ, ಇವರು ನುಡಿಸಲು ಕೂತ ಕೂಡಲೇ ಕಿವಿಯ ಯಂತ್ರಗಳನ್ನು ತೆಗೆದು ಡಬ್ಬಿಗೆ ಹಾಕುತ್ತಾರೆ. ಅವನ್ನು ನಾನೇ ಹೊಂದಿಸಿಕೊಟ್ಟದ್ದು. "ಯಾಕತ್ತೆ, ಜಾಸ್ತಿ ಆಯ್ತಾ?" ಎಂದರೆ, "ನನಗೇನೂ ಆಗಿಲ್ಲ. ಅವನು ಚುಚ್ಚೋದು ಯಾವಾಗ ನಿಲ್ಲಿಸ್ತಾನೋ ಕೈಸನ್ನೆ ಮಾಡು, ಹಾಕ್ಕೋತೀನಿ" ಎಂದರು.

ಮಾರ್ಚ್ 1, ಶನಿವಾರ

ನಿರ್ದೇಶಕಿ ಫೋನ್ ಮಾಡಿದ್ದಳು. ಇವರು ಸ್ಪೀಕರಿನಲ್ಲಿ ಹಾಕಿಕೊಂಡೇ ಮಾತಾಡಿದರು. ಈಚೆಗೆ ಎಲ್ಲ ಫೋನೂ ಸ್ಪೀಕರಿನಲ್ಲೇ.

"ಸರ್, ಬೇಜಾರು ಮಾಡ್ಕೋಬೇಡಿ. ಟ್ಯೂನ್ ಚೆನ್ನಾಗಿದೆ. ಆದರೆ ಸದ್ದು ತುಂಬಾ ಚುಚ್ಚುತ್ತೆ ಸರ್. ನಮ್ಮ ಎಡಿಟರ್ ಹೆಡ್‌ಫೋನ್ ಕಿತ್ತು ಎಸೆದುಬಿಟ್ರು."

"ಏನ್ ಕೇಳಿಸ್ಕೋತೀರಮ್ಮ ನೀವೆಲ್ಲ?"

"ನಿಮ್ಮ ಆ ಹಳೇ ಜಾಹೀರಾತಲ್ಲಿ ಇತ್ತಲ್ಲ ಸರ್, ಆ ಸದ್ದು ಬೇಕು. ಇಪ್ಪತ್ತನಾಲ್ಕನೇ ತಾರೀಕಿನೊಳಗೆ ಸಿಗದಿದ್ರೆ ಬೇರೆಯವರ ಹತ್ತಿರ ಹೋಗಬೇಕಾಗುತ್ತೆ ಸರ್. ಸಾರಿ."

ಇವರು ಫೋನ್ ಇಟ್ಟು, "ಕಿವುಡರ ಸಂತೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನಗೆ ಚುಚ್ಚುತ್ತಾ?"

"ಗೊತ್ತಾಗಲ್ಲ ರೀ" ಎಂದೆ. ಅದು ಸುಳ್ಳೇ? ನನಗೆ ಚುಚ್ಚುತ್ತದೆ. ಆದರೆ ಚುಚ್ಚಬೇಕೋ ಬಾರದೋ ಅದು ಗೊತ್ತಿಲ್ಲ. ಆ ಅರ್ಥದಲ್ಲಿ ಸುಳ್ಳಲ್ಲ.

ಮಾರ್ಚ್ 4, ಮಂಗಳವಾರ

ಅತ್ತೆಯ ಕಿವಿಯ ಯಂತ್ರ ಒರೆಸಿಕೊಡುತ್ತಿದ್ದೆ. ಅವರು ಇದ್ದಕ್ಕಿದ್ದಂತೆ, "ನಿನ್ನ ಮಾವನೂ ಹೀಗೇ ಕಣಮ್ಮ. ರೇಡಿಯೋ ಬೈದು ಬೈದು ಸಾಕಾಗಿತ್ತು ಅವರಿಗೆ. ಮೂರು ರೇಡಿಯೋ ಬದಲಾಯಿಸಿದರು" ಎಂದರು.

"ಆಮೇಲೆ?"

"ಆಮೇಲೇನು? ರೇಡಿಯೋಗಳು ಚೆನ್ನಾಗೇ ಇದ್ವು."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹತ್ತಿಯ ಕಡ್ಡಿಯಿಂದ ಆ ಸಣ್ಣ ತೂತನ್ನು ಬಹಳ ಹೊತ್ತು ಒರೆಸಿದೆ. ಅದು ಆಗಲೇ ಸ್ವಚ್ಛವಾಗಿತ್ತು.

ಬಸ್ ಡ್ರೈವರರ ಹೆಂಡತಿ ಇಂದು ಬೆಳಿಗ್ಗೆ ಸುಮ್ಮನೆ ನೆನಪಾಗಿದ್ದರು.

ಮಾರ್ಚ್ 8, ಶನಿವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಆದದ್ದು ಆದ ಹಾಗೆ.

ಮಧ್ಯಾಹ್ನ ಇವರು ಯಂತ್ರದ ಮುಂದೆ ಇದ್ದರು. ಮೂವತ್ತೊಂದು ಸದ್ದು ಮುಗಿದಿತ್ತು. ಉಳಿದಿದ್ದು ಹದಿನೇಳು. ಅದನ್ನು ಕೊನೆಗಿಟ್ಟುಕೊಂಡಿದ್ದರು. ಹೊಳಪು ಏರಿಸಿ, ಏರಿಸಿ, ನುಡಿಸಿ, ತಲೆಯಾಡಿಸಿ, "ಈಗ ಜೀವ ಬಂತು" ಎಂದರು. ಒಳಗಿನ ಕೋಣೆಯಿಂದ ಅತ್ತೆ "ಅಯ್ಯೋ" ಎಂದರು. ಇವರು ಉಳಿಸುವ ಗುಂಡಿಯ ಕಡೆ ಬೆರಳು ತಂದರು.

ನಾನು ಬಟ್ಟೆ ಮಡಚುತ್ತಿದ್ದವಳು ಎದ್ದು ಹೋಗಿ ಯಂತ್ರದ ಬಲಗಡೆಯ ಗುಂಡಿ ಒತ್ತಿದೆ. ಅದು ನೆನಪಿಗೆ ಬೀಗ ಹಾಕುವ ಗುಂಡಿ. ಒತ್ತಿದರೆ ಏನನ್ನೂ ಅಳಿಸಲು ಬರುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ಆ ಯಂತ್ರದ ಮೇಲೆ ಧೂಳೊರೆಸುವ ಬಟ್ಟೆ ಬಿಟ್ಟರೆ ಕೈ ಇಟ್ಟವಳಲ್ಲ.

ಇವರು ಗಾಬರಿಯಾಗಿ ನನ್ನನ್ನು ನೋಡಿದರು. "ಏನೇ?"

"ಸೊಯ್ ಅನ್ನೋದು ಇದೆ ರೀ" ಎಂದೆ. "ಹೋಗಿಲ್ಲ. ಯಾವತ್ತೂ ಹೋಗಿರಲಿಲ್ಲ. ನನಗೆ ಕೇಳಿಸುತ್ತೆ."

"ನಿನಗಾ?"

"ನನಗೆ. ಅತ್ತೆಗೂ ಕೇಳಿಸುತ್ತೆ, ಯಂತ್ರ ಹಾಕ್ಕೊಂಡರೆ. ಸೋಮವಾರ ಒಂಬತ್ತೂವರೆಗೆ ಕ್ಲಿನಿಕ್ಕಿಗೆ ಬನ್ನಿ."

ಇವರು ಯಂತ್ರ ಆರಿಸಿ, ಮೇಲೆ ಬಟ್ಟೆ ಹೊದಿಸಿ ಹೊರಗೆ ಹೋದರು.

ಅತ್ತೆಯನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸುತ್ತೇನೆ. ಎದುರುಮನೆಯವರನ್ನು, ಅಂಗಡಿಯವನನ್ನು, ಅಕ್ಕನ ಮಕ್ಕಳನ್ನೆಲ್ಲ ಕರೆದು ಪರೀಕ್ಷಿಸಿದ್ದೇನೆ. ಇವರನ್ನು ಒಂದು ಸಲವೂ ಇಲ್ಲ. ಕಿವಿ ಇರುವವರು ಎಂದು ಬಿಟ್ಟೆನೇ? ಅಥವಾ ಎಷ್ಟೋ ದಿನದಿಂದ ಗೊತ್ತಿದ್ದೂ ಬಿಟ್ಟೆನೇ? ಈ ನೋಟ್‌ಬುಕ್ ತಿರುವಿ ನೋಡಲು ಧೈರ್ಯ ಇಲ್ಲ.

ಮಾರ್ಚ್ 10, ಸೋಮವಾರ

ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ರಿಸೆಪ್ಷನ್‌ನಲ್ಲಿ ಹೆಸರು ಬರೆಸಿ, ತಮ್ಮ ಸರದಿಗೆ ಕಾದು ಕೂತಿದ್ದರು.

ಸದ್ದು ಹೊಗದ ಆ ಸಣ್ಣ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ಸದ್ದು ಕೇಳಿದಾಗ ಬೆರಳು ಎತ್ತಿ, ನಿಂತಾಗ ಇಳಿಸಿ ಎಂದೆ. ಎಲ್ಲರಿಗೂ ಹೇಳುವುದನ್ನೇ. ಈಚೆಗೆ ಬಂದು ಗಾಜಿನ ಈ ಕಡೆ ಕೂತೆ.

ಐನೂರು, ಸಾವಿರ, ಎರಡು ಸಾವಿರ: ಚಕ್ಕನೆ ಬೆರಳು. ತುಟಿಯಂಚಿನಲ್ಲಿ ನಗು, ನೋಡಿದೆಯಾ ಎಂಬ ಹಾಗೆ. ಮೂರು ಸಾವಿರಕ್ಕೆ ಬೆರಳು ತಡವಾಯಿತು. ನಾಲ್ಕಕ್ಕೆ ಬಹಳ ಏರಿಸಬೇಕಾಯಿತು. ಆಮೇಲೆ ಆರು ಸಾವಿರ ಕೊಟ್ಟೆ. ಏರಿಸಿದೆ. ಇನ್ನೂ ಏರಿಸಿದೆ. ಇವರು ಕೈ ತೊಡೆಯ ಮೇಲಿಟ್ಟುಕೊಂಡು, ತಾಳ್ಮೆಯಿಂದ, ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮೈಕಿನಲ್ಲಿ ಹೇಳಿದರು:

"ಯಾಕೆ ನಿಲ್ಲಿಸಿದೆ? ಶುರು ಮಾಡೇ."

ನಾನು ನಿಲ್ಲಿಸಿರಲಿಲ್ಲ.

ಮಾರ್ಚ್ 13, ಗುರುವಾರ

ಮಾತಿಲ್ಲ. ಯಂತ್ರದ ಮೇಲಿನ ಬಟ್ಟೆ ತೆಗೆದಿಲ್ಲ.

ಅತ್ತೆ ತಮ್ಮ ಎಡಗಿವಿಯದನ್ನು ಬಿಚ್ಚಿ ಮಗನ ಮುಂದೆ ಹಿಡಿದರು. "ಹಾಕ್ಕೊಂಡು ನೋಡೋ. ನನಗೆ ಒಂದೇ ಕಡೆ ಸಾಕು. ನಿಮ್ಮಿಬ್ಬರ ಮನೇಲಿ ಕೇಳೋದೇನಿದೆ ಈಗ?"

ಇವರು ನಗಲಿಲ್ಲ. ತೆಗೆದುಕೊಳ್ಳಲೂ ಇಲ್ಲ.

ನಾನು ಮಾಡಿದ್ದು ಸರಿಯೇ? ಇವರಿಗಾಗಿ ಮಾಡಿದೆನೋ, ಅಂದು ನೆಂಟರ ಮುಂದೆ ನಕ್ಕ ನಗುವಿಗೆ ಉತ್ತರ ಕೊಟ್ಟೆನೋ? ಎರಡೂ ಇರಬಹುದು. ಯಾವುದು ಎಷ್ಟು ಎಂದು ಅಳೆಯುವ ಯಂತ್ರ ನನ್ನ ಹತ್ತಿರ ಇಲ್ಲ.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಮೇಷ್ಟ್ರು ಬಂದರು. ಇವರೇ ಕರೆಸಿದ್ದಂತೆ. ಕೈಯಲ್ಲಿ ಒಂದು ಹಳೆಯ ಟೇಪ್ ರೆಕಾರ್ಡರ್.

"ಟೇಪ್ ಸತ್ತಿದೆ ಅಂದ್ರಲ್ಲ, ಹೆಣ ಎಲ್ಲಿ?" ಎಂದರು.

ಅತ್ತೆ ತಮ್ಮ ಹಾಡಿನ ಕ್ಯಾಸೆಟ್ಟುಗಳ ಡಬ್ಬದಿಂದ ಅದನ್ನು ತೆಗೆದುಕೊಟ್ಟರು. ಮೇಲೆ ಇವರ ಅಕ್ಷರದಲ್ಲಿ 'ಕೇಳಬೇಡಿ' ಎಂದು ಬರೆದಿತ್ತು. "ನಾನು ಒಂದ್ಸಲ ಕೇಳಿದೀನಿ" ಎಂದರು ಅತ್ತೆ. "ಬರೀ ಕರ್ ಕರ್. ಇವನಿಗೆ ತಲೆ ಕೆಟ್ಟಿದೆ ಅನ್ಕೊಂಡೆ. ಆದರೂ ಮಗ ಮಾಡಿದ್ದಲ್ವಾ ಅಂತ ಎತ್ತಿಟ್ಟೆ."

ಮೇಷ್ಟ್ರು ಹಾಕಿ ನೋಡಿದರು. ಕರ್ ಕರ್ ಎಂದಿತು. ಮಂಕು ಕರ್ ಕರ್, ಕಂಬಳಿಯೊಳಗಿಂದ ಬಂದ ಹಾಗೆ. ಸಿಂಥಸೈಜರಿಗೆ ಜೋಡಿಸಿದರೆ ಅದು ಎರರ್ ಎಂದಿತು.

"ಟೇಪ್ ಓದೋ ಹೆಡ್ ಓರೆ ಇದ್ದರೆ ಹೀಗಾಗುತ್ತೆ" ಎಂದರು ಮೇಷ್ಟ್ರು. "ಪಕ್ಕದ ಈ ಸ್ಕ್ರೂ ತಿರುಗಿಸಬೇಕು, ಸದ್ದು ಯಾವ ಜಾಗದಲ್ಲಿ ಅತಿ ಚುರುಕಾಗುತ್ತೋ ಅಲ್ಲಿ ನಿಲ್ಲಿಸಬೇಕು. ಮೀಟರಿಗೆ ಸಿಗಲ್ಲ ಇದು, ಕಿವೀಲೇ ಹಿಡೀಬೇಕು." ಇವರ ಕಡೆ ನೋಡಿದರು. "ಹೋದ ತಿಂಗಳು ನೀವೇ ತಿರುಗಿಸಿ ನೋಡಿದ್ರಾ?"

"ನೋಡಿದ್ದೆ" ಎಂದರು ಇವರು. ಮೇಷ್ಟ್ರು ಚೀಲದಿಂದ ಸ್ಕ್ರೂಡ್ರೈವರ್ ತೆಗೆದರು.

"ಇನ್ನೊಂದು ಹೇಳ್ತೀನಿ. ತುಂಬಿಸೋವಾಗ ಮೂವತ್ತೆರಡೂ ಒಟ್ಟಿಗೇ ಬರ್ತವೆ. ಇಲ್ಲಿವರೆಗೆ ಶುರುವೇ ಆಗಿಲ್ಲ, ಶುರುವಾಗಿ ಅರ್ಧಕ್ಕೆ ಟೇಪ್ ಕೈಕೊಟ್ಟರೆ ಈಗ ಉಳಿದಿರೋ ಹದಿನೇಳೂ ಹೋಗುತ್ತೆ. ಯೋಚನೆ ಮಾಡಿ."

ಇವರು ನನ್ನ ಕಡೆ ತಿರುಗಿದರು. ಸೋಮವಾರದಿಂದ ಮೊದಲ ಸಲ. "ಏನ್ ಮಾಡೋಣ?"

ನನಗೇನು ಗೊತ್ತು ಎನ್ನಬೇಕೆಂದುಕೊಂಡೆ. ಅದೇ ಬಾಯಿಗೆ ಬಂದಿತ್ತು. "ಸ್ಕ್ರೂಡ್ರೈವರ್ ಕೊಡಿ ಮೇಷ್ಟ್ರೇ" ಎಂದೆ.

ಎಡಕ್ಕೆ ತಿರುಗಿಸಿದರೆ ಇನ್ನೂ ಮಂಕು. ಬಲಕ್ಕೆ ಕೂದಲೆಳೆಯಷ್ಟು. ಇನ್ನಷ್ಟು. ಕಂಬಳಿ ಜಾರಿದ ಹಾಗಾಯಿತು. ದಾಟಿಹೋಯಿತು, ಮತ್ತೆ ಹಿಂದಕ್ಕೆ. ಅಲ್ಲಿ. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. ಇವರು ಕೇಳುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

"ಇಲ್ಲೇ" ಎಂದೆ. "ಹಾಕಿ."

ನೆನಪಿನ ಬೀಗ ತೆಗೆದದ್ದು ಇವರೇ. ನಾಲ್ಕು ನಿಮಿಷ ಆ ದರಿದ್ರ ಸದ್ದು. ಪರದೆಯಲ್ಲಿ ಸಂಖ್ಯೆ ಒಂದೊಂದಾಗಿ ಏರಿತು. ಹದಿನಾರರ ಹತ್ತಿರ ಟೇಪ್ ಒಮ್ಮೆ ಅಳ್ಳಾಡಿತು. ನಿಲ್ಲಲಿಲ್ಲ. ಮೂವತ್ತೆರಡು ಎಂದು ಬಂದು, ಆಮೇಲೆ ಓಕೆ ಎಂದಿತು.

ಅತ್ತೆ ಕಿವಿಯಿಂದ ಕೈ ತೆಗೆದು, "ಮುಗೀತಾ ಹಾಡು?" ಎಂದರು. ಮೊದಲು ನಕ್ಕಿದ್ದು ಇವರು.

ಮಾರ್ಚ್ 22, ಶನಿವಾರ

ಏಳು ಕಂತಿನ ಸಂಗೀತ ನಿರ್ದೇಶಕಿಗೆ ಕಳಿಸಿ ಆಗಿದೆ. "ಇದೇ ಸರ್, ಇದೇ!" ಎಂದಳಂತೆ ಆ ಹುಡುಗಿ. ಇವರು ಸಂತೋಷಪಟ್ಟರೋ ಇಲ್ಲವೋ ತಿಳಿಯಲಿಲ್ಲ. "ಇದೇ ಅಂತ ಅವಳು ಹೇಳ್ಬೇಕು, ನಾನು ನಂಬಬೇಕು" ಎಂದರು. ಕಿವಿಯ ಯಂತ್ರದ ಮಾತು ಎತ್ತಿದರೆ "ನೋಡೋಣ" ಅನ್ನುತ್ತಾರೆ. ನಾನೂ ಒತ್ತಾಯ ಮಾಡುತ್ತಿಲ್ಲ. ಅದು ಮಾತಿಗೆಂದು ಮಾಡಿದ ವಸ್ತು, ಸಂಗೀತ ಅದರಲ್ಲಿ ಹೇಗೆ ಕೇಳಿಸುತ್ತದೋ ನನಗೇ ಭರವಸೆ ಇಲ್ಲ. ಎಷ್ಟೋ ಜನರಿಗೆ ಧೈರ್ಯ ಹೇಳಿದವಳು, ಇವರಿಗೆ ಏನು ಹೇಳಲಿ?

ಸಂಜೆ ಎಂಟನೆಯ ಕಂತಿಗೆ ಕೂತಿದ್ದರು. ನಾನು ತರಕಾರಿ ಹೆಚ್ಚುತ್ತಿದ್ದೆ.

"ಬಾ ಇಲ್ಲಿ. ಎದುರಿಗೆ ಕೂತ್ಕೋ."

ಕೂತೆ.

"ಕೊನೇಲಿ ಹದಿನೇಳು. ಅದರ ಬಾಲ ಎಲ್ಲಿವರೆಗೆ ಇರುತ್ತೋ ಅಲ್ಲಿವರೆಗೆ ಚಿತ್ರ ಹಿಡೀಬೇಕು ಅಂತ ಅವಳಿಗೆ ಹೇಳ್ಬೇಕು. ನಾನು ಒತ್ತುತ್ತೀನಿ. ಕೇಳಿಸೋವರೆಗೂ ಬೆರಳು ಎತ್ತಿರು, ನಿಂತಾಗ ಇಳಿಸು." ನಾನು ಜನರಿಗೆ ಹೇಳುವ ಮಾತುಗಳೇ, ನನ್ನದೇ ದನಿಯ ಏರಿಳಿತದಲ್ಲಿ.

ಒತ್ತಿದರು. ತಟ್ಟೆ ಬಿತ್ತು, ತಿರುಗಿತು, ಹೊಳೆಯಿತು. ಸ್ವಲ್ಪ ಹೊತ್ತಿಗೆ ಇವರ ಮುಖದಲ್ಲಿ ಅದು ಮುಗಿದದ್ದು ಕಂಡಿತು. ನನ್ನ ಬೆರಳು ಇನ್ನೂ ಮೇಲಿತ್ತು. ಮರಳು ಜಾರುತ್ತಲೇ ಇತ್ತು. ಇವರು ಆ ಬೆರಳನ್ನು ನೋಡುತ್ತ, ತುಟಿಯಲ್ಲೇ ಎಣಿಸುತ್ತಿದ್ದರು. ಒಂಬತ್ತು. ಹತ್ತು. ಹನ್ನೊಂದು.

ಅಡುಗೆಮನೆಯಿಂದ ಅತ್ತೆ ಕೂಗಿದರು: "ಯಾರು ತಟ್ಟೆ ಬೀಳಿಸಿದ್ದು?"

"ನೀನೇ ಅಮ್ಮಾ!" ಎಂದು ಇವರು ಕಣ್ಣು ಕೀಳದೆ ಕೂಗಿದರು.

ಬೆರಳು ಇಳಿಸಿದೆ.

"ಹನ್ನೆರಡೂವರೆ ಸೆಕೆಂಡ್" ಎಂದು ಚೀಟಿಯಲ್ಲಿ ಬರೆದುಕೊಂಡರು. ಸರಿಯೇ ಎಂದು ಕೇಳಲಿಲ್ಲ.